ಸಂತೆಯ ಹೊತ್ತಿಗೆ ಮೂರು ಮೊಳ

ಸಂತೆಯ ಹೊತ್ತಿಗೆ ಮೂರು ಮೊಳ ನೇಯುವವನ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಾರವೆಲ್ಲ ಮಗ್ಗದ ಕಡೆ ತಲೆಹಾಕದೆ ಇದ್ದ ನೇಕಾರನು ಸಂತೆಯ ದಿನ ಬೆಳಗಿನ ಜಾವ ಎದ್ದು, ಲಾಳಿಯನ್ನು ಹಿಡಿದು, ಕೈಗೆ ಬಂದಂತೆ ಮೂರು ಮೊಳ ಬಟ್ಟೆಯನ್ನು ನೇಯ್ದು ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಾನೆ. ದೂರದಿಂದ ನೋಡಿದರೆ ಅದೂ ಬಟ್ಟೆಯಂತೆಯೇ ಕಾಣುತ್ತದೆ. ಅಂದಿನ ಸಂತೆಯಲ್ಲಿ ಅದನ್ನು ಕೊಳ್ಳುವವರೂ ಸಿಕ್ಕಬಹುದು. ಅದರ ನಿಜವಾದ ಗುಣ ಬಯಲಾಗುವುದು ಮೊದಲನೆಯ ಒಗೆತದಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಚಹಾದ ಬಲದಿಂದ ಎಚ್ಚರವಾಗಿದ್ದು ಇಡೀ ಪುಸ್ತಕವನ್ನು ನುಂಗಲು ಹೊರಡುವ ವಿದ್ಯಾರ್ಥಿಯನ್ನು ವರ್ಣಿಸಲು ಇದಕ್ಕಿಂತ ತಕ್ಕ ಮಾತು ನಮ್ಮ ಭಾಷೆಯಲ್ಲಿ ಇದ್ದಂತಿಲ್ಲ. ಈ ಲೇಖಕನೂ ತನ್ನ ಕಾಲೇಜಿನ ದಿನಗಳಲ್ಲಿ ಅಂಥ ಬಟ್ಟೆಯನ್ನು ಬೇಕಾದಷ್ಟು ನೇಯ್ದವನೇ. ಪರೀಕ್ಷೆಗಳಲ್ಲಿ ತೇರ್ಗಡೆಯಾದದ್ದೂ ಉಂಟು. ಆದರೆ ತೇರ್ಗಡೆಯಾದ ಆರು ತಿಂಗಳಿಗೆ, ಅದೇ ವಿಷಯದ ಮೇಲೆ ಒಬ್ಬ ಹಿರಿಯರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿದಾಗ ಬಾಯಿ ಕಟ್ಟಿಹೋಯಿತು.

ಒಂದೊಂದು ಪತ್ರಿಕೆಗೆ ಒಂದೊಂದು ದಿನವಿರುವ ಪರೀಕ್ಷೆಗಳಲ್ಲಿ ಈ ಮೂರು ಮೊಳದ ವ್ಯಾಪಾರ ಹೇಗೋ ನಡೆದುಹೋಗುತ್ತದೆ. ಆದರೆ ಮೂರು ವರ್ಷಗಳ ಪಾಠವನ್ನೆಲ್ಲ ಒಂದೇ ದಿನ, ಮೂರೇ ಗಂಟೆಗಳಲ್ಲಿ ಕೇಳಿಬಿಡುವ ಪರೀಕ್ಷೆ ಎದುರಾದಾಗ ಏನು ಮಾಡಬೇಕು? ಪದವಿಯ ನಂತರದ ವ್ಯಾಸಂಗಕ್ಕೆ ಹೋಗಬಯಸುವವರಿಗೆ ಈಗ ಎದುರಾಗುತ್ತಿರುವುದು ಇಂಥ ಪರೀಕ್ಷೆಯೇ.

ಗಾದೆಯಲ್ಲಿ ಸಂತೆ ಬಂದಿತಾದುದರಿಂದ ನಮ್ಮ ಉದಾಹರಣೆಯನ್ನೂ ಒಂದು ಸಂತೆಯೂರಿನಿಂದಲೇ ಆರಿಸಿಕೊಳ್ಳೋಣ. ಮೈಸೂರಿನಿಂದ ಮಾನಂದವಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಹೆಗ್ಗಡದೇವನಕೋಟೆಯನ್ನು ದಾಟಿ ಮುಂದೆ ಬಂದರೆ ಅಂತರಸಂತೆ ಎಂಬ ಹೋಬಳಿಯ ಊರು ಸಿಕ್ಕುತ್ತದೆ. ಸುತ್ತಮುತ್ತ ಹತ್ತಿಯ ಹೊಲ, ರಾಗಿಯ ಹೊಲ; ಕಬಿನಿಯ ಹಿನ್ನೀರು ಬಹಳ ದೂರವಿಲ್ಲ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದಕ್ಕೆ ಹೋದರೆ ನಾಗರಹೊಳೆಯ ಕಾಡು. ಕತ್ತಲಾದ ಮೇಲೆ ಆ ಕಾಡಿನ ರಸ್ತೆಯಲ್ಲಿ ವಾಹನಗಳ ಸಂಚಾರಕ್ಕೆ ತಡೆ. ಈ ಹೋಬಳಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿರಿ. ಹತ್ತಿ ಬೆಳೆಯುವ ಮನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದು. ಈಗ ದಿನವೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬಂದು ಬಿ.ಎಸ್‌ಸಿ.ಯ ಕೊನೆಯ ವರ್ಷದಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿದ್ದಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಯಾವುದಾದರೊಂದು ಐ.ಐ.ಟಿ.ಗೋ ಸೇರಬೇಕೆಂದು ಈಕೆಗೆ ಆಸೆ. ಮನೆಯವರು ಒಂದು ವರ್ಷದ ಮಟ್ಟಿಗೆ ಒಪ್ಪಿದ್ದಾರೆ. ಎರಡನೆಯ ವರ್ಷದ ಮಾತನ್ನು ಯಾರೂ ಆಡಿಲ್ಲ. ನಗರದಲ್ಲಿ ಕೋಣೆ ಹಿಡಿದು ತರಬೇತಿಯ ಶಾಲೆಗೆ ಶುಲ್ಕ ಕಟ್ಟುವಷ್ಟು ಹಣ ಮನೆಯಲ್ಲಿ ಇಲ್ಲ. ಹೀಗಿರುವಲ್ಲಿ ಈಕೆ ತನ್ನ ಕೈಯಲ್ಲಿರುವ ಹೊತ್ತನ್ನು ಹೇಗೆ ಹಂಚಿಕೊಳ್ಳಬೇಕು? ಈ ಪ್ರಶ್ನೆಗೆ ಉಪದೇಶದಿಂದಲ್ಲದೆ ಪ್ರಯೋಗಗಳಿಂದ ಉತ್ತರ ಹೇಳಲು ಸಾಧ್ಯವಾಗಿದೆ ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಐ.ಐ.ಟಿ.ಗಳು ತಮ್ಮ ಎಂ.ಎಸ್‌ಸಿ. ಮೊದಲಾದ ತರಗತಿಗಳ ಪ್ರವೇಶಕ್ಕಾಗಿ ೨೦೦೪ರಿಂದ ಒಟ್ಟಾಗಿ ನಡೆಸುತ್ತಿರುವ ಪರೀಕ್ಷೆಗೆ ‘ಜ್ಯಾಮ್’ ಎಂದು ಹೆಸರು. ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ. ವ್ಯಾಸಂಗಕ್ಕೂ ಇದರ ಫಲಿತಾಂಶ ಬೇಕಾಗುತ್ತದೆ. ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಕಂಪ್ಯೂಟರಿನ ಮುಂದೆ ಕುಳಿತು ಬರೆಯತಕ್ಕದ್ದು. ಈಚಿನ ವರ್ಷಗಳ ಕ್ರಮದಂತೆ ಮೂರು ಗಂಟೆಗಳಲ್ಲಿ ೬೦ ಪ್ರಶ್ನೆಗಳು, ಒಟ್ಟು ೧೦೦ ಅಂಕಗಳು. ಇವುಗಳಲ್ಲಿ ೩೦ ಪ್ರಶ್ನೆಗಳಿಗೆ ನಾಲ್ಕು ಉತ್ತರಗಳನ್ನು ಕೊಟ್ಟಿದ್ದು, ಅವುಗಳಲ್ಲಿ ಒಂದೇ ಸರಿ. ಬೇರೆ ೧೦ ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗಿರಬಹುದು. ಸರಿಯಾದವುಗಳನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ. ಉಳಿದ ೨೦ ಪ್ರಶ್ನೆಗಳಿಗೆ ಉತ್ತರವನ್ನು ನಾವೇ ಲೆಕ್ಕಮಾಡಿ ಸಂಖ್ಯೆಯನ್ನು ತುಂಬಬೇಕು. ಪ್ರಶ್ನೆಗೆ ಸರಾಸರಿ ಮೂರು ನಿಮಿಷ. ಯಾವ ಪ್ರಶ್ನೆ ಯಾವ ಅಧ್ಯಾಯದ್ದೆಂದು ಯಾರೂ ಹೇಳುವುದಿಲ್ಲ.

ಜೂನ್ ತಿಂಗಳಲ್ಲಿ ಮಳೆ ಹಿಡಿಯುವ ಹೊತ್ತಿಗೆ ಈಕೆ ಆರಂಭಿಸಿದಳೆನ್ನೋಣ. ಫೆಬ್ರವರಿಯವರೆಗೆ ಸುಮಾರು ೩೬ ವಾರಗಳು. ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ ಎಂದರೆ ೪೩೨ ಗಂಟೆಗಳಾದುವು. ಇಷ್ಟೇ ಗಂಟೆಗಳನ್ನು ಕೊನೆಯ ಆರು ವಾರಗಳಲ್ಲಿ ತುಂಬಬೇಕಾದರೆ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಓದಬೇಕು. ಗಂಟೆಗಳ ಲೆಕ್ಕದಲ್ಲಿ ಎರಡೂ ಸಮ. ಆದರೆ ನೆನಪಿನ ಲೆಕ್ಕದಲ್ಲಿ ಎರಡೂ ಸಮವಲ್ಲವೆಂದು ನಮಗೆ ತಿಳಿದು ನೂರು ವರ್ಷಗಳಿಗಿಂತ ಹೆಚ್ಚಾಯಿತು.

ಇದನ್ನು ತೋರಿಸಿಕೊಟ್ಟವನು ಹೆರ್ಮಾನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ನೆನಪೆಂಬುದನ್ನು ಅಳೆಯುವುದುಂಟೆ ಎಂದು ತತ್ತ್ವಜ್ಞಾನಿಗಳು ಚರ್ಚಿಸುತ್ತಿದ್ದ ಕಾಲದಲ್ಲಿ ಆತ ತನ್ನನ್ನೇ ಪ್ರಯೋಗದ ವಸ್ತುವಾಗಿ ಮಾಡಿಕೊಂಡು ಅಳೆಯಲು ಕುಳಿತ. ಅರ್ಥವಿರುವ ಮಾತುಗಳಿಗೆ ಹಳೆಯ ನೆನಪುಗಳ ನಂಟು ಇರುವುದಾದುದರಿಂದ, ಯಾವ ಅರ್ಥವೂ ಇಲ್ಲದ ಸುಮಾರು ೨,೩೦೦ ಉಚ್ಚಾರಾಂಶಗಳನ್ನು ತಾನೇ ಸೃಷ್ಟಿಸಿಕೊಂಡ; ಅವುಗಳ ಸಾಲುಗಳನ್ನು ಬಾಯಿಪಾಠ ಮಾಡಿದ; ಸ್ವಲ್ಪ ಕಾಲ ಬಿಟ್ಟು ಅದೇ ಸಾಲುಗಳನ್ನು ಮತ್ತೆ ಕಲಿತ. ಎರಡನೆಯ ಸಲ ಎಷ್ಟು ಹೊತ್ತು ಉಳಿಯಿತೋ ಅದೇ ನೆನಪಿನ ಅಳತೆ. ಮೊದಲು ನೂರು ಕ್ಷಣಗಳಲ್ಲಿ ಕಲಿತದ್ದನ್ನು ಮತ್ತೆ ಕಲಿಯಲು ೬೬ ಕ್ಷಣಗಳು ಸಾಕಾದರೆ ಉಳಿತಾಯ ನೂರಕ್ಕೆ ೩೪ ಎಂದು ಅವನ ಲೆಕ್ಕ. ೧೮೮೫ರಲ್ಲಿ ಪ್ರಕಟವಾದ ಅವನ ಗ್ರಂಥದಂತೆ, ಕಲಿತ ಇಪ್ಪತ್ತು ನಿಮಿಷಗಳ ಮೇಲೆ ಉಳಿತಾಯ ನೂರಕ್ಕೆ ೫೮. ಒಂದು ಗಂಟೆಯ ಮೇಲೆ ೪೪. ಒಂದು ದಿನದ ಮೇಲೆ ೩೪. ಆರು ದಿನಗಳ ಮೇಲೆ ೨೫. ಒಂದು ತಿಂಗಳಿನ ಮೇಲೆ ೨೧. ಮರೆವು ಮೊದಲ ಗಂಟೆಯಲ್ಲಿ ಧಾವಿಸಿ, ಬಳಿಕ ನಿಧಾನವಾಗಿ ನಡೆಯುತ್ತದೆ. ೨೦೧೫ರಲ್ಲಿ ಹಾಲೆಂಡಿನ ಇಬ್ಬರು ವಿಜ್ಞಾನಿಗಳು ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ರೇಖೆ ಬಹುಮಟ್ಟಿಗೆ ಹಾಗೆಯೇ ಬಂದಿತು. ಅರ್ಥವಿರುವ ಪಾಠಗಳು ಇಷ್ಟು ಬೇಗ ಜಾರಿಹೋಗುವುದಿಲ್ಲವೆಂಬುದು ನಿಜ. ಆದರೂ ಜಾರುವ ಬಗೆ ಇದೇ.

ವಿದ್ಯಾರ್ಥಿಗಳು ಈ ರೇಖೆಯನ್ನು ನೋಡಿ ಹೆದರುತ್ತಾರೆ. ಹೆದರಬೇಕಾದದ್ದು ಇಲ್ಲ. ಅದೇ ಗ್ರಂಥದಲ್ಲಿ ಅಷ್ಟಾಗಿ ಪ್ರಸಿದ್ಧಿಗೆ ಬಾರದ ಇನ್ನೊಂದು ಅಂಶವುಂಟು. ನಮಗೆ ಬೇಕಾದದ್ದು ಅದು. ಹನ್ನೆರಡು ಉಚ್ಚಾರಾಂಶಗಳ ಸಾಲನ್ನು ಎಬಿಂಗ್‌ಹೌಸ್ ಒಂದೇ ದಿನ ೬೮ ಸಲ ಓದಿ ಮರುದಿನಕ್ಕೆ ಎಷ್ಟು ಫಲವನ್ನು ಪಡೆದನೋ, ಅಷ್ಟೇ ಫಲವು ಮೂರು ದಿನಗಳಲ್ಲಿ ಹಂಚಿ ಓದಿದ ೩೮ ಸಲಗಳಿಂದ ದೊರೆಯಿತು. ಮೂವತ್ತು ಸಲದ ಶ್ರಮವು ನಡುವೆ ಅಂತರವನ್ನು ಬಿಟ್ಟದ್ದರಿಂದ ಮಾತ್ರ ಉಳಿಯಿತು. ಅಂತರಸಂತೆ ಎಂಬ ಹೆಸರಿನ ಮೂಲವನ್ನು ಪಂಡಿತರು ವಿಚಾರಿಸಲಿ. ನಮ್ಮ ವಿದ್ಯಾರ್ಥಿನಿಯು ಮಾತ್ರ ತನ್ನ ಊರಿನ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಮೇಜಿನ ಎದುರಿನ ಗೋಡೆಯ ಮೇಲೆ ಬರೆದುಕೊಂಡರೆ ತಪ್ಪಿಲ್ಲ.

ನಡುವೆ ಬಿಟ್ಟ ಅಂತರದಲ್ಲಿ ನಡೆಯುವುದೇನು? ಇದಕ್ಕೆ ಒಂದು ಸುಳಿವನ್ನು ಕೊಟ್ಟದ್ದು ಅಪ್ಲಿಸಿಯ ಎಂಬ ಕಡಲ ಬಸವನಹುಳು. ಇದರ ನರಕೋಶಗಳು ಬಹಳ ದೊಡ್ಡವು. ಆದುದರಿಂದ ಪ್ರಯೋಗಕ್ಕೆ ಅನುಕೂಲ. ಮೈಯನ್ನು ಮೃದುವಾಗಿ ತಟ್ಟಿದರೆ ಅದು ಕಿವಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ತಟ್ಟಿದರೆ ಇದು ಅಪಾಯವಲ್ಲವೆಂದು ಕಲಿತು ಸುಮ್ಮನಾಗುತ್ತದೆ. ಅಮೆರಿಕದ ಎರಿಕ್ ಕ್ಯಾಂಡೆಲ್ ಮತ್ತು ಅವರ ಸಂಗಡಿಗರು ಒಂದೇ ದಿನದಲ್ಲಿ ನಲವತ್ತು ಸಲ ತಟ್ಟಿದಾಗ ಆ ಕಲಿಕೆ ಒಂದು ದಿನದಷ್ಟು ನಿಂತಿತು. ಅದೇ ನಲವತ್ತನ್ನು ದಿನಕ್ಕೆ ಹತ್ತರಂತೆ ನಾಲ್ಕು ದಿನಗಳಿಗೆ ಹಂಚಿದಾಗ ವಾರಗಟ್ಟಲೆ ನಿಂತಿತು. ಅಲ್ಪಕಾಲದ ನೆನಪಿಗೆ ನರಕೋಶಗಳ ಸಂಧಿಗಳಲ್ಲಿ ಇರುವ ವಸ್ತುಗಳ ಮಾರ್ಪಾಡು ಸಾಕು. ದೀರ್ಘಕಾಲದ ನೆನಪಿಗೆ ಹೊಸ ಪ್ರೋಟೀನುಗಳು ತಯಾರಾಗಬೇಕು, ಹೊಸ ಸಂಧಿಗಳು ಬೆಳೆಯಬೇಕು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಕ್ಯಾಂಡೆಲ್ ಅವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ದೊರೆತದ್ದು ನೆನಪಿನ ಈ ಸಂಶೋಧನೆಗಳಿಗಾಗಿ. ಕಟ್ಟಡದ ಕೆಲಸಕ್ಕೆ ಕಾಲ ಬೇಕು; ಗಾರೆ ಆರುವ ಮೊದಲೇ ಮೇಲಿನ ವರಸೆಯನ್ನು ಇಡುವ ಮೇಸ್ತ್ರಿಯನ್ನು ಯಾರೂ ಮೆಚ್ಚುವುದಿಲ್ಲ.

ಇನ್ನು ಎರಡನೆಯ ಮಾತು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ನಂಬಲು ಅತ್ಯಂತ ಹಿಂದೆಗೆಯುವುದು ಇದನ್ನೇ. ಹಂಚಿಕೊಂಡ ದಿನಗಳಲ್ಲಿ ಮಾಡಬೇಕಾದದ್ದು ಮತ್ತೆ ಮತ್ತೆ ಓದುವುದಲ್ಲ. ಪುಸ್ತಕವನ್ನು ಮುಚ್ಚಿ ನೆನಪಿಸಿಕೊಳ್ಳುವುದು.

೨೦೦೬ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಸಣ್ಣ ಗದ್ಯಭಾಗವನ್ನು ಕೊಡಲಾಯಿತು. ಒಂದು ಗುಂಪಿನವರು ಅದನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಬಿಳಿಯ ಹಾಳೆಯ ಮೇಲೆ ನೆನಪಿಗೆ ಬಂದುದನ್ನು ಬರೆದರು. ಪುಸ್ತಕವನ್ನು ಮತ್ತೆ ನೋಡಲಿಲ್ಲ. ಐದು ನಿಮಿಷಗಳ ಮೇಲೆ ಪರೀಕ್ಷಿಸಿದಾಗ ಓದಿದವರಿಗೆ ನೂರಕ್ಕೆ ೮೩, ಬರೆದವರಿಗೆ ೭೧. ಇದು ಎಲ್ಲರೂ ನಿರೀಕ್ಷಿಸುವುದೇ. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಮಾತ್ರ ತಕ್ಕಡಿ ಮಗುಚಿಕೊಂಡಿತು: ನಾಲ್ಕು ಸಲ ಓದಿದವರಿಗೆ ೪೦, ಒಂದೇ ಸಲ ಓದಿ ಮೂರು ಸಲ ನೆನಪಿಸಿಕೊಂಡವರಿಗೆ ೬೧. ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಒಂದು ವಾರದ ಮೇಲೆ ನಿಮಗೆ ಎಷ್ಟು ನೆನಪಿರುವುದೆಂದು ಮೊದಲೇ ಕೇಳಿದಾಗ, ಹೆಚ್ಚಿನ ಧೈರ್ಯವನ್ನು ತೋರಿದವರು ನಾಲ್ಕು ಸಲ ಓದಿದವರೇ!

ಮೋಸವೆಲ್ಲ ಇಲ್ಲಿದೆ. ಪುಟವನ್ನು ಎರಡನೆಯ ಸಲ ಓದುವಾಗ ಅಕ್ಷರಗಳು ಪರಿಚಿತವಾಗಿ ಕಾಣುತ್ತವೆ. ಪರಿಚಯವನ್ನು ನಾವು ಜ್ಞಾನವೆಂದು ಭ್ರಮಿಸುತ್ತೇವೆ. ಸಂತೆಯಲ್ಲಿ ದಿನವೂ ಕಾಣುವ ಮುಖವನ್ನು ಗುರುತಿಸುವುದು ಸುಲಭ. ಅವರ ಹೆಸರನ್ನು ಹೇಳಿರೆಂದರೆ ತಡವರಿಸುತ್ತೇವೆ. ಪರೀಕ್ಷೆ ಕೇಳುವುದು ಹೆಸರನ್ನು. ನೆನಪಿಸಿಕೊಳ್ಳುವಾಗ ಆಗುವ ಕಷ್ಟ, ತಲೆ ಕೆರೆದುಕೊಳ್ಳುವಿಕೆ, ‘ಎಲ್ಲ ಮರೆತೇಹೋಯಿತಲ್ಲ’ ಎಂಬ ನಿರಾಸೆ — ಇವೆಲ್ಲ ಸೋಲಿನ ಗುರುತುಗಳಲ್ಲ. ಕಲಿಕೆ ನಡೆಯುತ್ತಿರುವುದರ ಗುರುತುಗಳು. ಕಾಡಂಚಿನ ಕಾಲುದಾರಿಯಲ್ಲಿ ಹುಲ್ಲು ಬೆಳೆಯುವಷ್ಟು ದಿನ ಬಿಟ್ಟು, ಪೂರ್ತಿ ಮುಚ್ಚಿಹೋಗುವ ಮುನ್ನ ಮತ್ತೆ ನಡೆದರೆ ದಾರಿ ಉಳಿಯುತ್ತದೆ. ದಾರಿಯ ಚಿತ್ರವನ್ನು ಮನೆಯಲ್ಲಿ ಕುಳಿತು ನೋಡಿದರೆ ಹುಲ್ಲು ತುಳಿಯಲ್ಪಡುವುದಿಲ್ಲ.

ನಮ್ಮ ವಿದ್ಯಾರ್ಥಿನಿಗೆ ಇದರಿಂದ ಒಂದು ಅನಿರೀಕ್ಷಿತವಾದ ಲಾಭವುಂಟು. ಮೈಸೂರಿಗೆ ಹೋಗಿ ಬರುವ ಬಸ್ಸಿನಲ್ಲಿ ಈಕೆಯ ದಿನದ ಮೂರು ಗಂಟೆಗಳಾದರೂ ಕಳೆದುಹೋಗುತ್ತವೆ. ಕುಲುಕುವ ಬಸ್ಸಿನಲ್ಲಿ ಓದಿದರೆ ತಲೆಸುತ್ತು. ಎಷ್ಟೋ ದಿನ ಕುಳಿತುಕೊಳ್ಳಲು ಜಾಗವೂ ಇರುವುದಿಲ್ಲ. ಆದರೆ ನೆನಪಿಸಿಕೊಳ್ಳಲು ಪುಸ್ತಕವೂ ಬೇಡ, ಬೆಳಕೂ ಬೇಡ, ಆಸನವೂ ಬೇಡ. ನಿನ್ನೆ ಓದಿದ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ಹೆಗ್ಗಡದೇವನಕೋಟೆ ಬರುವುದರೊಳಗೆ ಮನಸ್ಸಿನಲ್ಲಿಯೇ ಮೊದಲಿನಿಂದ ಕೊನೆಯವರೆಗೆ ಹೇಳಿಕೊಳ್ಳಬಹುದು. ಎಲ್ಲಿ ಎಳೆ ಕಡಿಯಿತೋ ಆ ಸ್ಥಳವನ್ನು ಗುರುತಿಟ್ಟುಕೊಂಡು ರಾತ್ರಿ ಪುಸ್ತಕವನ್ನು ತೆರೆದರೆ, ಮೂವತ್ತು ಪುಟಗಳ ಬದಲು ಮೂರು ಪುಟಗಳನ್ನು ಓದಿದರೆ ಸಾಕು. ನಗರದಲ್ಲಿ ಕೋಣೆ ಹಿಡಿದವರಿಗೆ ಈ ಮೂರು ಗಂಟೆಗಳಿಲ್ಲ.

ಅಂತರ ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. ಪರೀಕ್ಷೆ ಎಷ್ಟು ದೂರದಲ್ಲಿದೆಯೋ ಅದಕ್ಕೆ ತಕ್ಕಂತೆ ಅಂತರವೂ ಹಿಗ್ಗಬೇಕೆಂದು ೨೦೦೮ರಲ್ಲಿ ಪ್ರಕಟವಾದ, ೧,೩೫೪ ಜನರ ಮೇಲೆ ನಡೆಸಿದ ಒಂದು ಪ್ರಯೋಗದಿಂದ ತಿಳಿದುಬಂದಿದೆ. ಪರೀಕ್ಷೆ ಒಂದು ವಾರ ದೂರವಿದ್ದಾಗ ಎರಡು ಓದುಗಳ ನಡುವೆ ಒಂದು ದಿನದ ಅಂತರ ಉತ್ತಮ. ಪರೀಕ್ಷೆ ಸುಮಾರು ಒಂದು ವರ್ಷ ದೂರವಿದ್ದಾಗ ಮೂರು ವಾರಗಳ ಅಂತರ ಉತ್ತಮ. ಅಂದರೆ ಜೂನಿನಲ್ಲಿ ಓದಿದ ಪಾಠವನ್ನು ಮೂರು ಸಂತೆಗಳನ್ನು ಕಳೆದು ಮತ್ತೆ ಕೈಗೆತ್ತಿಕೊಳ್ಳಬಹುದು. ಇದನ್ನು ಕರಾರುವಾಕ್ಕಾದ ಸೂತ್ರವೆಂದು ತಿಳಿಯಬೇಕಾಗಿಲ್ಲ. ತೀರ ಬೇಗ ಮರಳುವುದಕ್ಕಿಂತ ಸ್ವಲ್ಪ ತಡವಾಗಿ ಮರಳುವುದರಿಂದ ನಷ್ಟ ಕಡಿಮೆ ಎಂದಿಷ್ಟು ನೆನಪಿದ್ದರೆ ಸಾಕು.

ಲೆಕ್ಕವಿಡುವುದಕ್ಕೆ ಒಂದು ಪಾದರಕ್ಷೆಯ ರಟ್ಟಿನ ಪೆಟ್ಟಿಗೆ ಬೇಕು. ಸೆಬಾಸ್ಟಿಯನ್ ಲೈಟ್ನರ್ ಎಂಬಾತ ೧೯೭೨ರ ತನ್ನ ಜರ್ಮನ್ ಪುಸ್ತಕದಲ್ಲಿ ವಿವರಿಸಿದ ಉಪಾಯವಿದು. ಪೆಟ್ಟಿಗೆಯನ್ನು ಕೆಲವು ಮನೆಗಳಾಗಿ ವಿಂಗಡಿಸಿ, ಸಣ್ಣ ಚೀಟಿಗಳ ಒಂದು ಮಗ್ಗುಲಿಗೆ ಪ್ರಶ್ನೆಯನ್ನೂ ಇನ್ನೊಂದು ಮಗ್ಗುಲಿಗೆ ಉತ್ತರವನ್ನೂ ಬರೆಯಬೇಕು. ಹೊಸ ಚೀಟಿ ಮೊದಲನೆಯ ಮನೆಯಲ್ಲಿರುತ್ತದೆ; ಸರಿಯುತ್ತರ ಹೇಳಿದರೆ ಮುಂದಿನ ಮನೆಗೆ ಬಡ್ತಿ, ತಪ್ಪಿದರೆ ಮೊದಲನೆಯ ಮನೆಗೆ ವಾಪಸು. ಮೊದಲನೆಯ ಮನೆಯನ್ನು ದಿನವೂ ನೋಡಬೇಕು. ಎರಡನೆಯದನ್ನು ಮೂರು ದಿನಗಳಿಗೊಮ್ಮೆ. ಮೂರನೆಯದನ್ನು ಸಂತೆಯ ದಿನ. ನಾಲ್ಕನೆಯದನ್ನು ಮೂರು ಸಂತೆಗಳಿಗೊಮ್ಮೆ. ಬಲ್ಲದ್ದರ ಮೇಲೆ ಕಾಲ ವ್ಯಯವಾಗದೆ, ಬಾರದಿರುವುದು ತಾನಾಗಿಯೇ ಕಣ್ಣೆದುರಿಗೆ ಬರುತ್ತದೆ. ಸೂತ್ರ, ವ್ಯಾಖ್ಯೆ, ಹೆಸರಿರುವ ರಾಸಾಯನಿಕ ಕ್ರಿಯೆಗಳು — ಇವಕ್ಕೆ ಚೀಟಿ ಒಪ್ಪುತ್ತದೆ. ದೀರ್ಘವಾದ ಲೆಕ್ಕಗಳಿಗೆ ಒಪ್ಪುವುದಿಲ್ಲ.

ಲೆಕ್ಕಗಳ ಮಾತು ಬೇರೆ. ಅಧ್ಯಾಯದ ಕೊನೆಯಲ್ಲಿರುವ ಲೆಕ್ಕಗಳನ್ನು ಸಾಲಾಗಿ ಮಾಡಿ ಮುಗಿಸುವುದು ನಮ್ಮೆಲ್ಲರ ಅಭ್ಯಾಸ. ಮೊದಲನೆಯ ಲೆಕ್ಕವನ್ನು ಮಾಡಿದೊಡನೆ ಉಳಿದವು ಅದೇ ಅಚ್ಚಿನಲ್ಲಿ ಬರುತ್ತವೆ. ಮನಸ್ಸಿಗೆ ಹಿತವೂ ಆಗುತ್ತದೆ. ೨೦೦೭ರಲ್ಲಿ ರೋರರ್ ಮತ್ತು ಟೇಲರ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರವನ್ನು ಕಂಡುಹಿಡಿಯುವುದನ್ನು ಕಲಿಸಲಾಯಿತು. ಒಂದು ಗುಂಪಿನವರು ಒಂದೊಂದು ಬಗೆಯನ್ನು ಪೂರೈಸಿ ಮುಂದಿನದಕ್ಕೆ ಹೋದರು. ಇನ್ನೊಂದು ಗುಂಪಿನವರಿಗೆ ನಾಲ್ಕೂ ಬಗೆಗಳು ಕಲಸಿ ಬಂದವು. ಅಭ್ಯಾಸದ ವೇಳೆಯಲ್ಲಿ ಮೊದಲ ಗುಂಪಿಗೆ ನೂರಕ್ಕೆ ೮೯, ಎರಡನೆಯದಕ್ಕೆ ೬೦. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪಿಗೆ ೨೦, ಎರಡನೆಯದಕ್ಕೆ ೬೩!

ಕಾರಣವನ್ನು ರಸಾಯನಶಾಸ್ತ್ರದ ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ‘ಮೊದಲ ದರ್ಜೆಯ ಕ್ರಿಯೆಯೊಂದು ನೂರಕ್ಕೆ ೭೫ರಷ್ಟು ಮುಗಿಯಲು ೪೦ ನಿಮಿಷ ಹಿಡಿಯಿತು; ಅರ್ಧಾಯು ಎಷ್ಟು?’ ಎಂದು ಅಧ್ಯಾಯದ ಕೊನೆಯಲ್ಲಿ ಕೇಳಿದರೆ ಕಷ್ಟವಿಲ್ಲ. ಒಂದು ಅರ್ಧಾಯುವಿಗೆ ಅರ್ಧ, ಇನ್ನೊಂದಕ್ಕೆ ಉಳಿದುದರ ಅರ್ಧ. ಎರಡು ಸೇರಿ ಮುಕ್ಕಾಲು. ಆದುದರಿಂದ ೨೦ ನಿಮಿಷ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ: ‘ಆರಂಭದ ಸಾಂದ್ರತೆಯನ್ನು ಇಮ್ಮಡಿ ಮಾಡಿದರೂ ಒಂದು ಕ್ರಿಯೆಯ ಅರ್ಧಾಯು ಬದಲಾಗಲಿಲ್ಲ, ಅದು ನೂರಕ್ಕೆ ೭೫ರಷ್ಟು ಮುಗಿಯಲು ೪೦ ನಿಮಿಷ ಹಿಡಿದರೆ ಅರ್ಧಾಯು ಎಷ್ಟು?’ ಇಲ್ಲಿ ಮೊದಲ ದರ್ಜೆ ಎಂಬ ಹೆಸರಿಲ್ಲ. ಸಾಂದ್ರತೆ ಬದಲಾದರೂ ಅರ್ಧಾಯು ಬದಲಾಗದಿರುವುದು ಮೊದಲ ದರ್ಜೆಯ ಲಕ್ಷಣವೆಂದು ಗುರುತಿಸುವುದೇ ಅರ್ಧ ಕೆಲಸ. ಆ ಅರ್ಧವನ್ನು ಅಧ್ಯಾಯದ ಶೀರ್ಷಿಕೆಯೇ ಮಾಡಿಕೊಟ್ಟುಬಿಟ್ಟರೆ ನಮಗೆ ಅಭ್ಯಾಸವಾಗುವುದು ಉಳಿದರ್ಧ ಮಾತ್ರ. ಆದುದರಿಂದ ವಾರಕ್ಕೊಮ್ಮೆಯಾದರೂ ಬೇರೆ ಬೇರೆ ಅಧ್ಯಾಯಗಳಿಂದ ಒಂದೆರಡು ಲೆಕ್ಕಗಳನ್ನು ಆಯ್ದು, ಕಲಸಿ, ಮಾಡತಕ್ಕದ್ದು.

ಭಾಷೆಯ ವಿಚಾರವನ್ನೂ ಹೇಳದೆ ಬಿಡಲಾಗದು. ಪ್ರಶ್ನಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಕಲಿತು ಬಂದವರು ಇದನ್ನು ಒಂದು ಕುಂದೆಂದು ಭಾವಿಸಿ ಕನ್ನಡವನ್ನು ಮರೆಯಲು ಹೊರಡುತ್ತಾರೆ. ಇಂಗ್ಲಿಷಿನ ವಾಕ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಾರೆ. ಇದು ನೇರ ಎಬಿಂಗ್‌ಹೌಸನ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಕಲಿತಂತೆ. ಮರೆವಿನ ರೇಖೆಯೂ ಅವನದೇ ಆಗುತ್ತದೆ. ಓದಿದ್ದನ್ನು ಮನೆಯ ಮಾತಿನಲ್ಲಿ ತನಗೆ ತಾನೇ ವಿವರಿಸಿಕೊಂಡರೆ ಎಲ್ಲಿ ತಿಳಿದಿಲ್ಲವೋ ಅಲ್ಲಿ ಮಾತು ನಿಂತುಹೋಗುತ್ತದೆ. ಇದಕ್ಕಿಂತ ನಿಷ್ಠುರನಾದ ಪರೀಕ್ಷಕನಿಲ್ಲ. ‘ಸಮತೋಲದಲ್ಲಿರುವ ಕ್ರಿಯೆ ನಿಂತುಹೋದ ಕ್ರಿಯೆಯಲ್ಲ, ಹೋಗುವಷ್ಟೇ ವೇಗದಲ್ಲಿ ಬರುತ್ತಿರುವ ಕ್ರಿಯೆ’ ಎಂದು ಕನ್ನಡದಲ್ಲಿ ಹೇಳಬಲ್ಲವಳು ಇಂಗ್ಲಿಷಿನ ಪಾರಿಭಾಷಿಕ ಪದವನ್ನು ಅದರ ಮೇಲೆ ಅಂಟಿಸಿಕೊಳ್ಳುವುದು ಒಂದು ದಿನದ ಕೆಲಸ. ಚೀಟಿಯ ಎರಡು ಮಗ್ಗುಲುಗಳು ಇದಕ್ಕೂ ಒದಗುತ್ತವೆ.

ಹಳೆಯ ವರ್ಷಗಳ ಪ್ರಶ್ನಪತ್ರಿಕೆಗಳು ಹಣವಿಲ್ಲದೆ ದೊರೆಯುತ್ತವೆ. ಪರೀಕ್ಷೆ ನಡೆಸುವವರೇ ಅಂತರ್ಜಾಲದಲ್ಲಿ ಒದಗಿಸುತ್ತಾರೆ. ಐ.ಐ.ಟಿ.ಗಳು ಮತ್ತು ವಿಜ್ಞಾನ ಸಂಸ್ಥೆ ೨೦೦೩ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ಉಪನ್ಯಾಸಗಳನ್ನೂ ಹಾಗೆಯೇ ಕೇಳಬಹುದು. ಆದರೆ ಉಪನ್ಯಾಸವನ್ನು ಕೇಳುವುದೂ ಓದಿನಂತೆಯೇ ಹಿತವಾದ ಭ್ರಮೆಗೆ ಎಡೆಕೊಡುತ್ತದೆ. ಅರ್ಧ ಗಂಟೆ ಕೇಳಿದರೆ ಹತ್ತು ನಿಮಿಷ ಬಿಳಿಯ ಹಾಳೆ. ಹಳೆಯ ಪತ್ರಿಕೆಗಳನ್ನು ಜನವರಿಯವರೆಗೆ ಉಪ್ಪಿನಕಾಯಿಯಂತೆ ಭದ್ರವಾಗಿ ಇಡುವುದು ಸಲ್ಲದು. ಒಂದನ್ನು ಜೂನಿನಲ್ಲಿಯೇ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಮಾಡಿನೋಡಬೇಕು. ನೂರಕ್ಕೆ ಹದಿನೈದು ಬಂದೀತು, ಬರಲಿ. ಉತ್ತರಿಸಲು ಯತ್ನಿಸಿ ತಪ್ಪಿದ ಪ್ರಶ್ನೆಯ ಉತ್ತರ, ಯತ್ನಿಸದೆಯೇ ಓದಿದ ಉತ್ತರಕ್ಕಿಂತ ಹೆಚ್ಚು ನಿಲ್ಲುತ್ತದೆಂಬುದೂ ಪ್ರಯೋಗಗಳಿಂದ ಸಿದ್ಧವಾಗಿದೆ. ತಪ್ಪುಗಳಿಗಾಗಿಯೇ ಒಂದು ಪುಸ್ತಕವನ್ನಿಟ್ಟು, ತಿಳಿಯದೆ ಆದ ತಪ್ಪು ಯಾವುದು, ತಿಳಿದೂ ಅವಸರದಿಂದ ಆದದ್ದು ಯಾವುದು ಎಂದು ಬೇರೆಬೇರೆಯಾಗಿ ಬರೆದಿಡುವುದು ಒಳ್ಳೆಯದು. ಮೊದಲನೆಯದಕ್ಕೆ ಮದ್ದು ಪುಸ್ತಕ; ಎರಡನೆಯದಕ್ಕೆ ಮದ್ದು ಗಡಿಯಾರ. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯ ಕೆಲಸಕ್ಕೆ ನಿಂತು ಹತ್ತು ದಿನ ಪುಸ್ತಕವನ್ನು ಮುಟ್ಟಲಾಗದೆ ಹೋದರೆ ಈಕೆ ಅಳಬೇಕಾಗಿಲ್ಲ. ಆ ಹತ್ತು ದಿನಗಳೂ ಅಂತರವೇ. ಸಾಲಿನ ನಡುವೆ ಕೈ ಕೆಲಸಮಾಡುತ್ತಿರುವಾಗ ತಲೆ ನೆನಪಿಸಿಕೊಳ್ಳುತ್ತಿರಬಹುದು.

ತಿಳಿಯದ ಪ್ರಶ್ನೆಗೆ ಊಹೆಯಿಂದ ಉತ್ತರ ಕೊಡಬಹುದೆ? ಇದಕ್ಕೆ ಗಣಿತವೇ ಉತ್ತರ ಹೇಳುತ್ತದೆ. ನಾಲ್ಕರಲ್ಲಿ ಒಂದು ಸರಿಯಾಗಿರುವ ಒಂದಂಕದ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತದೆ. ಕಣ್ಣುಮುಚ್ಚಿ ಗುರುತುಹಾಕಿದರೆ ನಾಲ್ಕು ಸಲದಲ್ಲಿ ಸರಾಸರಿ ಒಂದು ಸಲ ಒಂದು ಅಂಕ ಬರುತ್ತದೆ. ಮೂರು ಸಲ ಮೂರನೆಯ ಒಂದೊಂದು ಭಾಗದಂತೆ ಒಟ್ಟು ಒಂದು ಅಂಕ ಹೋಗುತ್ತದೆ. ಲಾಭ ಸೊನ್ನೆ, ವ್ಯಯವಾದ ಹೊತ್ತೊಂದೇ ನಷ್ಟ. ಒಂದು ಉತ್ತರವಂತೂ ಅಲ್ಲವೆಂದು ನಿಶ್ಚಯವಾಗಿ ಹೇಳಬಲ್ಲೆವಾದರೆ ಉಳಿದ ಮೂರರಲ್ಲಿ ಊಹಿಸಿದಾಗ ಸರಾಸರಿ ಲಾಭ ಅಂಕದ ಒಂಬತ್ತನೆಯ ಒಂದು ಭಾಗ. ಎರಡನ್ನು ತೆಗೆದುಹಾಕಬಲ್ಲೆವಾದರೆ ಲಾಭ ಮೂರನೆಯ ಒಂದು ಭಾಗ. ಎರಡಂಕದ ಪ್ರಶ್ನೆಗಳಲ್ಲಿ ತಪ್ಪಿಗೆ ಮೂರನೆಯ ಎರಡು ಭಾಗ ಕಳೆಯುವುದರಿಂದ ಎಲ್ಲವೂ ಇಮ್ಮಡಿ. ಆದಕಾರಣ, ಏನೂ ತಿಳಿಯದಿದ್ದರೆ ಬಿಟ್ಟು ಮುಂದೆ ಹೋಗಬೇಕು. ಅರ್ಧ ತಿಳಿದಿದ್ದರೆ ಅಳುಕದೆ ಗುರುತುಹಾಕಬೇಕು. ಸಂಖ್ಯೆ ತುಂಬುವ ಪ್ರಶ್ನೆಗಳಿಗೂ, ಅನೇಕ ಉತ್ತರಗಳು ಸರಿಯಿರಬಹುದಾದ ಪ್ರಶ್ನೆಗಳಿಗೂ ಕಳೆಯುವ ಕ್ರಮ ಇಲ್ಲವಾದುದರಿಂದ ಅವನ್ನು ಖಾಲಿ ಬಿಡಲು ಕಾರಣವೇ ಇಲ್ಲ. ಪರೀಕ್ಷೆಯ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಒಮ್ಮೆ ಸ್ವತಃ ನೋಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ಪರೀಕ್ಷೆಯ ಹಿಂದಿನ ರಾತ್ರಿ. ೧೯೨೪ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಹತ್ತು ಹತ್ತು ಉಚ್ಚಾರಾಂಶಗಳನ್ನು ಕಲಿಸಿ, ಕೆಲವು ಸಲ ನಿದ್ದೆಗೆ ಕಳುಹಿಸಿದರು, ಕೆಲವು ಸಲ ಹಗಲಿನ ಕೆಲಸಗಳಿಗೆ ಬಿಟ್ಟರು. ಎಂಟು ಗಂಟೆಗಳ ಬಳಿಕ ಕೇಳಿದಾಗ ಎಚ್ಚರವಾಗಿದ್ದ ದಿನಗಳಲ್ಲಿ ಉಳಿದದ್ದು ಹತ್ತರಲ್ಲಿ ಒಂದರಷ್ಟು. ನಿದ್ದೆಮಾಡಿದ ರಾತ್ರಿಗಳಲ್ಲಿ ಐದರಷ್ಟು. ನಿದ್ದೆಯಲ್ಲಿ ಮಿದುಳು ಹಗಲಿನ ಕಲಿಕೆಯನ್ನು ಮತ್ತೆ ಆಡಿಸಿ ಭದ್ರಪಡಿಸುವುದೆಂದು ಆ ಮೇಲಿನ ಸಂಶೋಧನೆಗಳು ಸೂಚಿಸಿವೆ. ಪರೀಕ್ಷೆಯ ಊರಿಗೆ ಬೆಳಗಿನ ಮೊದಲ ಬಸ್ಸನ್ನು ನಂಬಿಕೊಂಡು ಹೊರಡುವ ಬದಲು, ಹಿಂದಿನ ಮಧ್ಯಾಹ್ನವೇ ಹೋಗಿ ನೆಂಟರ ಮನೆಯಲ್ಲಿಯೋ ಗೆಳತಿಯ ಕೋಣೆಯಲ್ಲಿಯೋ ಇಳಿದುಕೊಂಡು, ಪ್ರವೇಶಪತ್ರವನ್ನೂ ಗುರುತಿನ ಚೀಟಿಯನ್ನೂ ಚೀಲಕ್ಕೆ ಹಾಕಿ, ಒಂಬತ್ತು ಗಂಟೆಗೆ ದೀಪವನ್ನು ಆರಿಸಿ ಮಲಗುವುದು. ರಟ್ಟಿನ ಪೆಟ್ಟಿಗೆ ಊರಿನಲ್ಲಿಯೇ ಇರಲಿ.